ಹೆಸರು ಹೇಳಿದವರು ಕೈ ಬಿಡಬೇಕು

ಮಣ್ಣು ಕೊಟ್ಟು ಬಂದ ನೆಂಟರೆಲ್ಲ ಒಬ್ಬೊಬ್ಬರಾಗಿ ತಮ್ಮ ಊರಿನ ಬಸ್ಸು ಹತ್ತಿದ ಮೇಲೆ, ವಾಡಿಯ ಬಾಡಿಗೆ ಮನೆಯಲ್ಲಿ ಯಾರೂ ಅಳದ ಒಂದು ಬೆಳಗಾಯಿತು. ನಳ ಬಂತು. ಲುಂಬಿನಿ ಎದ್ದು ಕೊಡ ಹಚ್ಚಿದಳು. ಹಾಲಿನವನು ಎಂದಿನಂತೆ ಜೋರಾಗಿ ಕೂಗಿದ; ಆಮೇಲೆ ನೆನಪಾಗಿರಬೇಕು, ಪ್ಯಾಕೆಟ್ಟನ್ನು ಬಾಗಿಲ ಬುಡದಲ್ಲಿಟ್ಟು ಸದ್ದಿಲ್ಲದೆ ಹೋದ.

ಅಂಗಳದಲ್ಲಿ ಬೈಕು ನಿಂತಿತ್ತು. ಸಿಮೆಂಟಿನ ಧೂಳು ಸೀಟಿನ ಮೇಲೆ ತೆಳ್ಳಗೆ ಹಾಸಿತ್ತು. ಹಿಂದೆ ಹಗ್ಗದಿಂದ ಬಿಗಿದ ಚೀಲ ಇನ್ನೂ ಹಾಗೇ ಇತ್ತು. ಶಹಾಬಾದಿನ ಮಕ್ಕಳಿಗೆ ಗೊಂಬೆ ಮಾಡಲೆಂದು ಲುಂಬಿನಿಯ ಗಂಡ ದೇವಾನಂದ ಕಾಗಿಣಾ ಹೊಳೆಯ ದಂಡೆಯಿಂದ ತುಂಬಿಕೊಂಡು ಹೊರಟಿದ್ದ ಮಣ್ಣು. ದಾರಿಯಲ್ಲಿ ಲಾರಿ ಬಂತು. ಬೈಕಿಗೆ ಒಂದು ಕನ್ನಡಿ ಒಡೆದದ್ದು ಬಿಟ್ಟರೆ ಏನೂ ಆಗಿರಲಿಲ್ಲ.

ಅವಳು ಚೀಲಕ್ಕೆ ಕೈ ಹಾಕಿದಳು. ಇಷ್ಟು ಬಿಸಿಲಿಗೂ ಮಣ್ಣು ಒಣಗಿರಲಿಲ್ಲ. ಈಗಷ್ಟೇ ಯಾರೋ ನೀರು ಚಿಮುಕಿಸಿ ಹೋದಂತೆ ತಣ್ಣಗಿತ್ತು.

ಲುಂಬಿನಿ ಅತ್ತಿರಲಿಲ್ಲ. ಅಳು ಎಲ್ಲೋ ಕೈಯ ಹತ್ತಿರ ನಿಂತುಬಿಟ್ಟಿತ್ತು. ಆಸ್ಪತ್ರೆಯಲ್ಲಿ ಬಿಳಿ ಬಟ್ಟೆಯ ಮುಂದೆ ನಿಂತು, "ಒಂದ್ಸಲ ಕೈ ಹಿಡೀತೀನಿ" ಎಂದಿದ್ದಳು. ಮೈದುನ ಅಡ್ಡ ಬಂದಿದ್ದ. "ಬ್ಯಾಡ ವೈನಿ. ಕೈ ನೋಡಬ್ಯಾಡ್ರಿ." ಅವಳು ಮಾತು ಕೇಳಿದಳು. ಮಾತು ಕೇಳಿದ್ದೇ ಈಗ ಚುಚ್ಚುತ್ತಿತ್ತು.

"ಏನರೆ ತಿನ್ನವ್ವಾ," ಅತ್ತೆ ದ್ರೌಪದಿ ರೊಟ್ಟಿಯ ತಾಟು ಮುಂದಿಟ್ಟಳು. ಸೊಸೆಯ ಮಣಿಕಟ್ಟು ನೋಡಿ ಸಿಡುಕಿದಳು. "ನಮ್ಮ ಮನ್ಯಾಗ ಬಳಿ ತೆಗ್ಯಾ ಪದ್ಧತಿ ಬಿಟ್ಟು ಜಮಾನಾ ಆತು. ನೀ ಯಾಕ ತೆಗದಿಟ್ಟಿ?"

"ಸಪ್ಪಳ ಆಗ್ತದತ್ತಿ."

ಆಗ ಫೋನು ಬಂತು. ಶಹಾಬಾದಿನ ಮಕ್ಕಳ ಕೇಂದ್ರದಲ್ಲಿ ದೇವಾನಂದನ ಜತೆ ಕಲಿಸುತ್ತಿದ್ದ ಆಸಿಮಾ.

"ಅಕ್ಕಾ, ಇವತ್ತೇ ಕೇಂದ್ರ ತೆಗದೀವಿ. ದಾನೇಶ್ವರಿ ಬಂದಾಕಿನೇ ಪೆಟ್ಟಿಗ್ಯಾಗ ಕೈ ಹಾಕ್ಯಾಳ. ಹೊರಗ ತೆಗಿಲಿಕ್ಕೆ ಒಲ್ಲಳು. ಸರ್ ಹಿಡದಾರ, ಬಿಡವಲ್ಲರು ಅಂತಾಳ."

ಲುಂಬಿನಿ ತಾಟು ಸರಿಸಿ ಎದ್ದಳು. ಮಣ್ಣಿನ ಚೀಲದ ಹಗ್ಗ ಬಿಚ್ಚಿ ಅದನ್ನೂ ಆಟೋದಲ್ಲಿ ಇಟ್ಟುಕೊಂಡಳು. ಯಾಕೆಂದು ಅವಳಿಗೇ ಗೊತ್ತಿರಲಿಲ್ಲ.

*

ಆ ಪೆಟ್ಟಿಗೆಯಲ್ಲೇ ಲುಂಬಿನಿ, ದೇವಾನಂದರ ಮೊದಲ ಭೇಟಿ.

ಅದು ಶಹಾಬಾದ್ ಸ್ಟೇಷನ್ನಿನ ಬಳೆಯಂಗಡಿಯ ತಾಜುನ್ನಿಸಾ ಚಾಚಿಯದು. ಪರದೆಯ ಹೆಣ್ಣುಮಕ್ಕಳಿಗೆ ಬಳೆ ತೊಡಿಸಲೆಂದು ಚಾಚಿಯ ಗಂಡ ಮಾಡಿಸಿದ ಸಾಗವಾನಿ ಪೆಟ್ಟಿಗೆ. ಈ ಕಡೆ ಒಂದು ತೂತು, ಆ ಕಡೆ ಒಂದು, ಒಳಗೆಲ್ಲ ಮಕಮಲ್ಲು. ಮುಖ ಕಾಣುವುದಿಲ್ಲ, ಕೈ ಮಾತ್ರ ಸಿಗುತ್ತದೆ. ಗಂಡ ತೀರಿಹೋದ ಮೇಲೆ ಸುಮ್ಮನೆ ಬಿದ್ದಿದ್ದ ಅದನ್ನು ದೇವಾನಂದ "ಒಂದ್ ವಾರಕ್ಕ" ಎಂದು ಇಸಿದುಕೊಂಡು ಬಂದಿದ್ದ. ವರ್ಷಗಳೇ ಉರುಳಿದವು. ಅಂಗಡಿ ಮುಂದೆ ಹಾಯ್ದಾಗಲೆಲ್ಲ ಚಾಚಿ ಒದರುತ್ತಿದ್ದಳು, "ಏ ಸರ್, ನನ್ನ ಪೆಟ್ಟಿಗಿ!" ಇವನು ಕೈ ಬೀಸುತ್ತಿದ್ದ, "ಮುಂದಿನ ವಾರ, ಚಾಚಿ!"

ಲುಂಬಿನಿ ಆಗ ಕಲಬುರಗಿಯಲ್ಲಿ ಮನಃಶಾಸ್ತ್ರದ ಎಂ.ಎ. ಓದುತ್ತಿದ್ದಳು. ಪ್ರಾಜೆಕ್ಟಿಗೆಂದು ಕೇಂದ್ರಕ್ಕೆ ಬಂದವಳು ಪೆನ್ನಿನ ಕ್ಯಾಪು ತೆಗೆಯುವ ಮುಂಚೆಯೇ ಅವನು ಹೇಳಿದ್ದ, "ಪ್ರಶ್ನಿ ಆಮ್ಯಾಲ ಮೇಡಂ. ಮೊದಲ ಕೈ ಹಾಕ್ರಿ."

"ಒಳಗ ಏನದ?"

"ಅದು ಗೊತ್ತಿದ್ರ ಪೆಟ್ಟಿಗಿ ಯಾಕ್ರಿ ಬೇಕು?"

ಹುಣಸೆ ಬೀಜ ಸಿಕ್ಕಿತು. ಹತ್ತಿ ಸಿಕ್ಕಿತು. ಅಂಟಂಟಾದ ಬೆಲ್ಲ ಸಿಕ್ಕಿ ಅವಳು ಮುಖ ಹಿಂಡಿದಾಗ ಮಕ್ಕಳೆಲ್ಲ ಕಿಸಕ್ಕನೆ ನಕ್ಕವು. ಇನ್ನಷ್ಟು ಒಳಗೆ ಹೋದಾಗ ಒಂದು ಕೈ ಸಿಕ್ಕಿತು.

ಬೆಚ್ಚಗಿನ, ಒರಟು ಕೈ. ಕಿರುಬೆರಳು ಸೊಟ್ಟ. ಅವಳು ಬೆಚ್ಚಿ ತಲೆಯೆತ್ತಿದರೆ, ಪೆಟ್ಟಿಗೆಯ ಆ ಕಡೆ ಅವನು ಬಸ್ಸಿಗೆ ಕಾಯುವವನ ಹಾಗೆ ಸೂರು ನೋಡುತ್ತ ನಿಂತಿದ್ದ. ಒಂದು ತೋಳು ಮಾತ್ರ ಮೊಣಕೈವರೆಗೆ ಮಾಯವಾಗಿತ್ತು.

"ಯಾರ ಕೈ ಹೇಳ್ರಿ!" ಮಕ್ಕಳು ಒಂದೇ ಉಸಿರಿಗೆ ಕೂಗಿದರು. "ಹೆಸರು ಹೇಳಿದವರು ಕೈ ಬಿಡಬೇಕು!"

ಹೆಸರು ಗೇಟಿನ ಬೋರ್ಡಿನ ಮೇಲೇ ಇತ್ತು. ಅವಳು ಓದಿಕೊಂಡೇ ಒಳಗೆ ಬಂದಿದ್ದಳು.

"ಗೊತ್ತಾಗವಲ್ದು," ಎಂದಳು.

"ಹಿಂಗಾದ್ರ ಸಂಜಿತನಕ ನಿಂದರಬೇಕಾಗ್ತದ, ಮೇಡಂ."

"ನಿಂದರ್ತೀನಿ. ನನ್ನ ಬಸ್ ಲೇಟ್ ಅದ."

ಅವನ ಕಿವಿ ಕೆಂಪಾದದ್ದು ಅವಳಿಗೆ ಕಂಡಿತು. ಕತ್ತಲಲ್ಲಿ ಬೆರಳುಗಳು ಮೂರು ಸಲ ಮೆತ್ತಗೆ ಒತ್ತಿದವು.

ಮದುವೆಯಾದ ಮೇಲೆ ಅವನು ಎಷ್ಟೋ ಸಲ ಕೇಳಿದ್ದಾನೆ. "ಖರೇ ಹೇಳು. ಅವತ್ತು ನನ್ನ ಹೆಸರು ಗೊತ್ತಿತ್ತಲ್ಲ?" ಅವಳು ಪ್ರತಿ ಸಲವೂ ನಕ್ಕು, "ಇಲ್ಲ ಸರ್" ಎಂದಿದ್ದಳು. ಮನೆಯಲ್ಲೂ ಅವನನ್ನು ಸರ್ ಎಂದೇ ಕಾಡಿಸುತ್ತಿದ್ದಳು. ಹೆಸರು ಹಿಡಿದು ಒಮ್ಮೆಯೂ ಕರೆದಿರಲಿಲ್ಲ.

*

ಕೇಂದ್ರವೆಂದರೆ ಹಿಂದೆ ನೆಲಕ್ಕೆ ಹಾಸುವ ಪರಸಿ ಕಲ್ಲು ಕೊಯ್ಯುತ್ತಿದ್ದ ಶೆಡ್ಡು. ಗೋಡೆಗಳ ಮೇಲೆ ಮಕ್ಕಳ ಬಣ್ಣದ ಅಂಗೈಗಳು. ಕರೆಂಟು ಹೋಗಿ ಫ್ಯಾನು ನಿಂತಿತ್ತು. ಇಷ್ಟೊಂದು ಮಕ್ಕಳಿದ್ದರೂ ಒಂದು ಕೆಮ್ಮೂ ಇರಲಿಲ್ಲ.

ಪೆಟ್ಟಿಗೆಯ ಮುಂದೆ ದಾನೇಶ್ವರಿ ಕೂತಿದ್ದಳು, ಬಲಗೈ ಮೊಣಕೈವರೆಗೆ ಒಳಗೆ. ಅವಳು ಹುಟ್ಟು ಕುರುಡಿ. ಇಲ್ಲಿಗೆ ಬಂದ ಹೊಸದರಲ್ಲಿ ಮೇಜಿನ ಕೆಳಗೆ ಮುದುಡಿಕೊಂಡು ಕೂತಿರುತ್ತಿದ್ದಳಂತೆ. ಯಾರು ಕರೆದರೂ ಹೊರಗೆ ಬರುತ್ತಿರಲಿಲ್ಲ. ದೇವಾನಂದ ಪೆಟ್ಟಿಗೆಯನ್ನೇ ಮೇಜಿನ ಕೆಳಗೆ ತಳ್ಳಿದ್ದ. "ಇದರಾಗ ಎಲ್ಲಾರೂ ಕುರುಡ್ರೇ, ತಾಯಿ. ಬಾ, ಇವರಿಗೆ ಕಲಿಸು." ಅಂದಿನಿಂದ ಆಟದಲ್ಲಿ ಅವಳನ್ನು ಸೋಲಿಸಿದವರಿಲ್ಲ. ಕುರ್ಡಿ ಎನ್ನುತ್ತಿದ್ದ ಮಕ್ಕಳೇ ಈಗ ಪೆಟ್ಟಿಗಿ ರಾಣಿ ಎನ್ನುತ್ತಿದ್ದವು, ತಮ್ಮ ಗುಂಪಿಗೆ ಬಾರೆಂದು ಜಗಳಾಡುತ್ತಿದ್ದವು.

ಅವಳ ಅಜ್ಜಿ ಮಾಣಿಕಮ್ಮ ಬಾಗಿಲಲ್ಲಿ ಎದೆ ಬಡಿದುಕೊಳ್ಳುತ್ತಿದ್ದಳು. "ಸತ್ತಾಂವ ನನ್ನ ಕೂಸಿನ ಕೈ ಹಿಡದಾನವ್ವಾ! ಇನ್ನ ನಾ ಕಳಸಂಗಿಲ್ಲ ಇಕಿನ್ನ. ಮನ್ಯಾಗ ಮೂಲಿ ಹಿಡದು ಕುಂತ್ರೂ ಸೈ, ಜೀವಂತ ಇರ್ಲಿ."

ಮೂಲೆ ಎಂದೊಡನೆ ದಾನೇಶ್ವರಿಯ ಭುಜ ಕುಗ್ಗಿದ್ದು ಲುಂಬಿನಿಗೆ ಕಂಡಿತು. ಅವಳು ಪಕ್ಕದಲ್ಲಿ ಕೂತಳು.

"ದಾನಿ, ಹೆಸರು ಹೇಳು. ಹೇಳಿದ್ರ ಬಿಡ್ತದಲ್ಲ?"

"ಹೇಳಂಗಿಲ್ಲ ಅಕ್ಕಾ. ಹೇಳಿದ್ರ ಸರ್ ಹೋಗಿಬಿಡ್ತಾರ. ಅವರು ಯಾರದೋ ದಾರಿ ನೋಡ್ಲಿಕತ್ತಾರ."

ಲುಂಬಿನಿ ನಂಬಲಿಲ್ಲ. ಓದಿದವಳು, ದುಃಖ ಮಕ್ಕಳಿಂದ ಏನೇನು ಆಡಿಸುತ್ತದೆಂದು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವಳು. ಕೂಸಿನ ಬರಿಗೈಗೆ ತನ್ನ ಕೈ ಕೊಟ್ಟರೆ ಭ್ರಮೆ ಬಿಟ್ಟೀತು ಎಂದುಕೊಂಡು ಪೆಟ್ಟಿಗೆಯ ಆ ಕಡೆ ಹೋಗಿ ತೂತಿನಲ್ಲಿ ಕೈ ಇಟ್ಟಳು.

ಮಕಮಲ್ಲು. ಹುಣಸೆ ಬೀಜ. ಆಮೇಲೆ ಒಂದು ಕೈ ಅವಳ ಕೈಯನ್ನು ಹಿಡಿಯಿತು.

"ಸಿಕ್ತಲ್ಲ ದಾನಿ? ಇದು ನನ್ನ ಕೈ. ಈಗ ಬಿಡು," ಎಂದಳು.

"ನನ್ನ ಕೈ ಆಗಲೇ ಬಿಟ್ಟಾರ, ಅಕ್ಕಾ," ಎಂದಳು ದಾನೇಶ್ವರಿ.

ಲುಂಬಿನಿ ತಲೆಯೆತ್ತಿದಳು. ಹುಡುಗಿಯ ಎರಡೂ ಕೈ ಅವಳ ತೊಡೆಯ ಮೇಲಿದ್ದವು.

ದಾನೇಶ್ವರಿಯ ಕಡೆಯ ತೂತು ಖಾಲಿ ಕಪ್ಪಗೆ ಅವಳನ್ನೇ ನೋಡುತ್ತಿತ್ತು. ಒಳಗಿನ ಕೈ ಬೆಚ್ಚಗಿತ್ತು. ಒರಟಾಗಿತ್ತು. ಅವಳ ಹೆಬ್ಬೆರಳು ತಾನಾಗಿಯೇ ಜಾರಿ ಕಿರುಬೆರಳನ್ನು ಹುಡುಕಿತು. ಚಿಕ್ಕವನಿದ್ದಾಗ ಪರಸಿ ಬಿದ್ದು ಮುರಿದ ಬೆರಳು. ಸೊಟ್ಟ.

ಅಂಜಿಕೆ ಬಂತು. ಅದರ ಹಿಂದೆಯೇ ಇನ್ನೇನೋ ಬಂತು. ಅದಕ್ಕೆ ಅಂಜಿಕೆ ದಾರಿ ಬಿಟ್ಟುಕೊಟ್ಟಿತು. ಇದೇ ಕೈಯನ್ನಲ್ಲವೇ ಅವತ್ತು ಬಟ್ಟೆಯಡಿ ಬಿಟ್ಟು ಬಂದದ್ದು? ಇನ್ನು ಯಾರು ಬ್ಯಾಡ ಅಂದಾರು?

ಬೆರಳುಗಳು ಒತ್ತಿದವು. ಒಂದು. ಎರಡು. ಮೂರು.

ಎಷ್ಟು ಹೊತ್ತು ಹಾಗೆ ಕೂತಳೋ. ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂತು. ಆಸಿಮಾ, "ಅಕ್ಕಾ," ಎಂದು ಎರಡು ಸಲ ಕರೆದಳು. ಲುಂಬಿನಿಗೆ ಕೇಳಿಸಿತು, ಆದರೆ ಆ ದನಿ ಕಾಗಿಣಾದ ಆಚೆ ದಂಡೆಯಿಂದ ಬಂದಂತಿತ್ತು. ತೋಳು ಮೊಣಕೈ ದಾಟಿ ಒಳಗೆ ಹೋಗಿತ್ತು. ಪೆಟ್ಟಿಗೆ ಅಷ್ಟು ಆಳವಿರಲಿಲ್ಲ.

"ಅಕ್ಕಾ, ನಮ್ಮ ಪಾಳಿ ಯಾವಾಗ?" ಸಾಲಿನಲ್ಲಿದ್ದ ಒಂದು ಸಣ್ಣ ಕೂಸು ಕೇಳಿತು.

ಆ ಪ್ರಶ್ನೆಗೆ ಅವಳು ಎಚ್ಚೆತ್ತಳು. ಬಾಗಿಲಲ್ಲಿ ಮಾಣಿಕಮ್ಮ ಮೊಮ್ಮಗಳ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದಳು. ಒಯ್ದರೆ ದಾನೇಶ್ವರಿ ಮತ್ತೆ ಮೂಲೆ ಸೇರುತ್ತಾಳೆ. ದೇವಾನಂದ ಮೇಜಿನ ಕೆಳಗಿನಿಂದ ಎಬ್ಬಿಸಿದ ಕೂಸು.

ಲುಂಬಿನಿ ತೂತಿನ ಹತ್ತಿರ ಬಾಯಿಟ್ಟಳು.

"ಅವತ್ತು ನನಗ ಗೊತ್ತಿತ್ತು," ಎಂದು ಪಿಸುಗುಟ್ಟಿದಳು. "ಗೇಟಿನ್ಯಾಗೇ ಓದಿದ್ದೆ. ಹೇಳಿದ್ರ ಕೈ ಬಿಡಬೇಕಾಗ್ತಿತ್ತು, ಅದಕ್ಕ ಸುಳ್ಳು ಹೇಳ್ದೆ."

ಒಳಗಿನ ಕೈ ನಗುವಂತೆ ನಡುಗಿತು.

"ದೇವಾನಂದ," ಎಂದಳು.

ಬೆರಳುಗಳು ಒಂದೊಂದಾಗಿ ಸಡಿಲವಾದವು. ಸೊಟ್ಟ ಕಿರುಬೆರಳು ಎಲ್ಲಕ್ಕಿಂತ ಕಡೆಗೆ ಬಿಟ್ಟಿತು. ಅವಳು ಕೈ ಹೊರಗೆ ತೆಗೆದಾಗ ಅಂಗೈ ತುಂಬ ಹಸಿ ಮಣ್ಣು, ಕಾಗಿಣಾ ದಂಡೆಯ ಕಪ್ಪು ಮಣ್ಣು. ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿದರೆ ಮಕಮಲ್ಲು ಒಣಗಿತ್ತು.

ಆಗ ಅವಳಿಗೆ ಅಳು ಬಂತು. ಮಕ್ಕಳ ಮುಂದೆಯೇ, ಸದ್ದು ಮಾಡಿ ಅತ್ತಳು. ದಾನೇಶ್ವರಿ ತಡಕುತ್ತ ಬಂದು ಅವಳ ಮಣ್ಣಾದ ಕೈ ಹಿಡಿದು ಮೂಸಿದಳು.

"ಇದು ಸರ್ ತರೋ ಮಣ್ಣು."

"ಹೊರಗ ಒಂದು ಚೀಲ ಅದ," ಎಂದಳು ಲುಂಬಿನಿ ಮೂಗು ಒರೆಸಿಕೊಳ್ಳುತ್ತ. "ಸರ್ ಕೈ ಹ್ಯಾಂಗಿತ್ತು, ಮಾಡಿ ತೋರಸ್ತಿಯೇನು? ಇವರಿಗೆಲ್ಲಾ ಮರ್ತು ಹೋಗ್ತದ. ನಿನಗ ಮರ್ಯಂಗಿಲ್ಲ."

ದಾನೇಶ್ವರಿ ಕೂತಳು. ಮಕ್ಕಳು ನೀರು ತಂದವು, ಮಣ್ಣು ಹದ ಮಾಡಿಕೊಟ್ಟವು, ಅವಳು ಗದರಿದಾಗ ಹಿಂದೆ ಸರಿದವು. ಅಂಗೈ ಎದ್ದಿತು, ಗಂಟುಗಳು ಬಂದವು, ಕಡೆಗೆ ಕಿರುಬೆರಳನ್ನು ಅವಳು ಒಂದೇ ಸಲ ಚಿವುಟಿ ಸೊಟ್ಟ ಮಾಡಿದಳು. ಮಕ್ಕಳೆಲ್ಲ ಸಾಲಾಗಿ ಬಂದು ಕಣ್ಣು ಮುಚ್ಚಿ ಮುಟ್ಟಿದರು. "ಸರ್!" "ಹೌದಲೇ, ಸರ್‌ದೇ!"

ಮಾಣಿಕಮ್ಮ ಎಲ್ಲರ ಹಿಂದೆ ಬಂದು ಒಂದು ಬೆರಳು ತಾಗಿಸಿದಳು. "ಇದು ನಮ್ಮ ಕೂಸು ಮಾಡಿದ್ದೇನ್ರವ್ವಾ?"

"ಮತ್ಯಾರು ಮಾಡ್ಬೇಕು, ಆಯಿ?" ದಾನೇಶ್ವರಿ ಮೂಗು ಏರಿಸಿದಳು. "ಚಪ್ಲಿ ಇಡು. ನನ್ನ ಕೆಲಸ ಇನ್ನಾ ಮುಗ್ದಿಲ್ಲ."

ಮಾಣಿಕಮ್ಮ ಚಪ್ಪಲಿಯನ್ನು ಬಾಗಿಲಲ್ಲಿ, ಬೇರೆ ಮಕ್ಕಳ ಚಪ್ಪಲಿಗಳ ಸಾಲಿನಲ್ಲಿಟ್ಟಳು.

*

ಮಣ್ಣಿನ ಕೈ ಒಣಗಿದ ಮೇಲೆ ಮಕ್ಕಳು ಹಳೆಯ ಟಿ.ವಿ.ಯ ರಟ್ಟಿನ ಖೋಕಾಕ್ಕೆ ತೂತು ಕೊರೆದು ತಮ್ಮದೇ ಪೆಟ್ಟಿಗೆ ಮಾಡಿಕೊಂಡರು. ಸಾಗವಾನಿ ಪೆಟ್ಟಿಗೆ ಹೊತ್ತು ಲುಂಬಿನಿ ಸ್ಟೇಷನ್ನಿನ ಕಡೆ ನಡೆದಳು.

ತಾಜುನ್ನಿಸಾ ಚಾಚಿ ಅಂಗಡಿಯ ಗಾದಿಯ ಮೇಲೆ ಕೂತಿದ್ದಳು. ಪೆಟ್ಟಿಗೆ ಕಂಡು ಮುಖ ಬಿಳುಪಾಯಿತು.

"ಒಂದ್ ವಾರಕ್ಕಂತ ಇಸ್ಕೊಂಡಿದ್ರು, ಚಾಚಿ. ಭಾಳ ತಡಾ ಆತು."

"ಕುಂದ್ರು ಬೇಟಿ." ಚಾಚಿ ಅವಳ ಬರಿಗೈ ಹಿಡಿದು, ಅಳತೆಗೆಂಬಂತೆ ಗಂಟುಗಳನ್ನು ಒತ್ತಿ ನೋಡಿದಳು. ಒತ್ತುತ್ತಲೇ ಕೇಳಿದಳು, "ಹಿಡೀತೇನು?"

ಲುಂಬಿನಿ ಪೆಟ್ಟಿಗೆಯ ಕಡೆ ನೋಡಿದಳು. ಚಾಚಿ ತಲೆಯಾಡಿಸಿದಳು.

"ನನಗೂ ಹಿಡದಿತ್ತು. ನಾನೂ ನಮ್ಮವರ ಕೈ ಮೊದಲ ಇದರಾಗೇ ಕಂಡಾಕಿ. ಅವರು ಹೋದ ಮ್ಯಾಲ ಬಳಿ ಸಾಮಾನು ತೆಗಿಲಿಕ್ಕೆ ಕೈ ಹಾಕಿದ್ರ ಹಿಡೀತಿತ್ತು. ಅಂಜಿದೆ. ನಿನ್ನ ಗಂಡ ಕೇಳಿದಾಗ, ಒಯ್ಯಪ್ಪಾ ಅಂದೆ."

"ಮತ್ತ ದಿನಾ ಪೆಟ್ಟಿಗಿ ಪೆಟ್ಟಿಗಿ ಅಂತ ಒದರ್ತಿದ್ರಿ?"

"ಎಲ್ಲಿ ತಂದುಬಿಟ್ಟಾನೋ ಅಂತ ಒದರ್ತಿದ್ದೆ! ಮುಂದಿನ ವಾರ ಅಂದ್ರ ನನಗ ಅವತ್ತಿನ ನಿದ್ದಿ." ಚಾಚಿ ನಕ್ಕಳು, ನಗು ಅರ್ಧಕ್ಕೇ ನಿಂತಿತು. "ನಿನ್ನ ಕೈ ಹ್ಯಾಂಗ ಬಿಡ್ತು?"

"ಮಕ್ಕಳ ಆಟದ ರೀತಿ ಅದು, ಚಾಚಿ. ಹೆಸರು ಹೇಳಿದವರು ಕೈ ಬಿಡಬೇಕು. ಹೇಳಿದೆ."

"ಗಂಡನ ಹೆಸರಾ? ತೋಬಾ ತೋಬಾ. ಮದುವಿ ಆದಾಗಿಂದ ನಾ ಒಂದ್ಸಲಾನೂ ಅಂದಿಲ್ಲ. ರೇಷನ್ ಅಂಗಡ್ಯಾಗೂ ಬ್ಯಾರೇದವರು ಹೇಳ್ತಿದ್ರು."

ಚಾಚಿ ಗೂಟದಿಂದ ಬಳೆ ಇಳಿಸಿದಳು.

"ಯಾವ ಬಣ್ಣ?"

"ಅವರಿಗೆ ನೀಲಿ ಸೇರ್ತಿತ್ತು. ಆದ್ರ ಸಪ್ಪಳ ಆಗ್ತದ, ಚಾಚಿ."

"ಆಗ್ಲಿ ಬಿಡು. ಗಾಜು ಮತ್ತ ಯಾಕದ?" ನೋವಾಗದಂತೆ ಒಂದೊಂದೇ ಬಳೆ ಏರಿತು. ಮುಗಿದ ಮೇಲೂ ಚಾಚಿ ಅವಳ ಕೈಯನ್ನು ಒಂದು ಗಳಿಗೆ ಹಿಡಿದೇ ಇದ್ದಳು. ಆಮೇಲೆ ಪೆಟ್ಟಿಗೆಯನ್ನು ತನ್ನ ಕಡೆ ಎಳೆದುಕೊಂಡಳು.

"ಪರದೆ ಬಿಟ್ಟು ಹೋಗು, ಬೇಟಿ."

ಲುಂಬಿನಿ ಪರದೆ ಇಳಿಬಿಟ್ಟು ಹೊರಗೆ ಬಂದಳು. ಮೆಟ್ಟಿಲಿಳಿಯುವಾಗ ಒಳಗಿನ ಬಳೆಗಳ ಸದ್ದು ಕೇಳಿಸಿತು. ಕೈ ಎಲ್ಲೋ ಆಳಕ್ಕೆ ಹೋದಂತೆ ಅದು ಸಣ್ಣದಾಗಿ ನಿಂತಿತು. ತುಂಬ ಹೊತ್ತು ಏನೂ ಇರಲಿಲ್ಲ. ಆಮೇಲೆ, ಹೊಸ ಸೊಸೆಯ ಹಾಗೆ ನಾಚಿದ ಒಂದು ಮುದಿ ದನಿ, ಒಮ್ಮೆ ಅರ್ಧಕ್ಕೆ ತಡೆದು, ಮತ್ತೆ ಗಂಡನ ಹೆಸರನ್ನು ಪೂರ್ತಿಯಾಗಿ ಹೇಳಿತು.

"ಹಾಜಿಮಲಂಗ್."