ಅಮ್ಮನ ಕೆಳಸಾಲು

ಹಲ್ಲಿನ ಲ್ಯಾಬಿನಲ್ಲಿ ಇಪ್ಪತ್ತು ವರ್ಷ ದುಡಿದವನು ನಾನು, ಇಲ್ಲದ್ದನ್ನು ಹೇಳುವವನಲ್ಲ. ಅಮ್ಮನ ದವಡೆಗೆ ಡಾಕ್ಟರು ಸ್ಕ್ರೂ ಕೂರಿಸಿದ್ದರು. ಅದರ ಮೇಲಿನ ಬ್ರಿಡ್ಜು, ಕೆಳಸಾಲಿನ ಅಷ್ಟೂ ಹಲ್ಲು, ನನ್ನ ಕೈಯಲ್ಲೇ ಆದದ್ದು.

ಹಾಕಿ ನೋಡಿದ ದಿನ ಅಮ್ಮ, “ಬಲಗಡೆ ಎತ್ತರ ಆಯ್ತು ಕಣೋ. ನಂಗೆ ಕಡಲೆಬೀಜ ಕಡೀಬೇಕು,” ಅಂದಳು.

“ನಾಳೆ ಉಜ್ಜಿ ಕೊಡ್ತೀನಮ್ಮ, ಒಂದಿನ ಬಾಯಿ ಕಟ್ಕೋ,” ಅಂದೆ.

ಬೆಳಗ್ಗೆ ಅವಳು ಏಳಲಿಲ್ಲ.

ಉಜ್ಜಲು ಮನಸ್ಸು ಬರದೆ, ಹಿಂದಿನ ದಿನ ಬಿಚ್ಚಿಸಿ ತಂದಿದ್ದ ಬ್ರಿಡ್ಜನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ. ಆಮೇಲೆ ಯಾವಾಗ ತೆಗೆದರೂ ಈಗಷ್ಟೇ ಬಾಯಿಂದ ತೆಗೆದ ಹಾಗೆ ಬೆಚ್ಚಗೆ, ಒದ್ದೆಯಾಗಿ ಇರುತ್ತಿತ್ತು. ಒರೆಸಿ ಇಡುತ್ತಿದ್ದೆ. ಹೆದರಿಕೆಯಾಗಲಿಲ್ಲ, ಅಮ್ಮನದಲ್ಲವೇ.

ಮೊನ್ನೆ ಬೆಳಕಿಗೆ ಹಿಡಿದು ನೋಡಿದೆ. ಬಲಗಡೆಯ ಎತ್ತರ ಸವೆದು ಸಮವಾಗಿತ್ತು. ಕೊನೆಯೆರಡು ಹಲ್ಲಿನ ಸಂದಿಯಲ್ಲಿ ಕಡಲೆಬೀಜದ ಕೆಂಪು ಸಿಪ್ಪೆ ಸಿಕ್ಕಿಕೊಂಡಿತ್ತು.