ಕಲ್ಯಾಣಮ್ಮನಿಗಾಗಿ ಬಿಟ್ಟ ಊಟ

ರೊಟ್ಟಿ ಬಡಿಯಲು ಕಲ್ಯಾಣಮ್ಮ ಕೈ ಎತ್ತಿದಾಗ ಹಸಿರು ಬಳೆಗಳು ಮೊಣಕೈತನಕ ಜಾರಿದವು. ಬಾಗಿಲಿಗೊರಗಿ ಕೂತಿದ್ದ ಕರಿಸಿದ್ದಪ್ಪನ ಎದೆ ಧಸಕ್ಕೆಂದಿತು. ಮದುವೆಯಲ್ಲಿ ಇದೇ ಕೈಗೆ ಬಳೆ ಏರಿಸಲು ಕೊಟ್ಟೂರಿನ ಬಳೆಗಾರ ಬೆವರಿಳಿಸಿದ್ದ.

"ಏನ್ರಿ ಹಂಗ ನೋಡಾಕತ್ತೀರಿ? ಹೆಣ್ಣು ನೋಡಾಕ ಬಂದಂಗ!" ಅವಳು ಓರೆಗಣ್ಣಲ್ಲಿ ಕೇಳಿದಳು.

"ನೋಡಬಾರದೇನು? ನನ್ ಹೆಂಡ್ತಿ."

ಎಪ್ಪತ್ತರ ಮುಖಕ್ಕೆ ನಾಚಿಕೆ ಬಂತು. ಅವನು ನಗಲಿಲ್ಲ.

ನಿನ್ನೆ ಆಸ್ಪತ್ರೆಯ ಸಿಸ್ಟರ್ ಸುಮಲತಾ ಬಂದಿದ್ದು ಅವನ ತೂಕ ನೋಡಲು. ಟೈಫಾಯ್ಡ್‌ನಲ್ಲಿ ಸೊರಗಿದ್ದವನು ಎರಡು ಕಿಲೋ ಏರಿದ್ದ. ತಮಾಷೆಗೆಂದು ಸಿಸ್ಟರ್ ಕಲ್ಯಾಣಮ್ಮನನ್ನೂ ತೂಕದ ಮಿಷಿನ್ ಮೇಲೆ ನಿಲ್ಲಿಸಿದಳು. ಮುಳ್ಳು ಮೂವತ್ತೊಂದು ದಾಟಲಿಲ್ಲ.

"ಅಜ್ಜಾರ, ಅಮ್ಮಾರು ಉಣ್ಣಾಕತ್ತಿಲ್ಲ," ಸಿಸ್ಟರ್ ಅವನನ್ನು ಹೊರಗೆ ಕರೆದು ಹೇಳಿದ್ದಳು. "ಹಿಂಗ ಬಿಟ್ರ ಸಣ್ಣ ಜ್ವರನೂ ತಡ್ಕೊಳ್ಳಂಗಿಲ್ಲ. ಮೆತ್ತಗಿಂದು, ಸ್ವಲ್ಪ ಸ್ವಲ್ಪ, ದಿನಕ್ಕ ಐದು ಸಲ ಕೊಡ್ರಿ."

ಮಗ, ಸೊಸೆ ಹಗಲೆಲ್ಲ ಅಂಗಡಿಯಲ್ಲಿ. ಮನೆಯಲ್ಲಿ ಗಂಡ ಉಂಡ ಮೇಲೆ, ಅವನ ಗಂಗಾಳದಲ್ಲೇ ಹೆಂಡತಿಯ ಊಟ. ನಾಲ್ಕು ತಿಂಗಳಿಂದ ಹಾಲು, ತುಪ್ಪ, ಹೆಸರುಬೇಳೆ ಎಲ್ಲ ಅವನಿಗೇ ಬಡಿಸಿ, ಮಿಕ್ಕಿದ್ದನ್ನು ಅವನ ಸಂಜೆಗೆಂದು ಮುಚ್ಚಿಡುತ್ತಿದ್ದಳು. ಅವನೋ, ಪ್ರಸಾದ ಬಿಡಬಾರದೆಂದು ಗಂಗಾಳ ಬಳಿದು ಉಣ್ಣುವವನು. ಅವಳ ಪಾಲಿಗೆ ಒಣರೊಟ್ಟಿ, ಮಜ್ಜಿಗೆ. ಕೇಳಿದರೆ ಹಸಿವಿಲ್ಲ ಎನ್ನುತ್ತಾಳೆ. ಅದಕ್ಕೇ ಅವನೊಂದು ಉಪಾಯ ಹೂಡಿದ.

ಅಂದು ಗಂಗಾಳದಲ್ಲೇ ಅರ್ಧ ಊಟ ಬಿಟ್ಟೆದ್ದ.

ಕಲ್ಯಾಣಮ್ಮನ ಮುಖ ಬಿಳಿಚಿಕೊಂಡಿತು. ಒದ್ದೆ ಕೈಯಲ್ಲೇ ಅವನ ಹಣೆ ಮುಟ್ಟಿದಳು. "ಮತ್ತ ಜ್ವರ ಬಂತೇನ್ರಿ?"

"ಸಾಕಾತು ಅಷ್ಟ."

ಮೂರು ದಿನ ಹಾಗೇ ಬಿಟ್ಟ. ಹೊಟ್ಟೆ ಚುರುಗುಟ್ಟಿದರೂ, ಅವಳು ಉಂಡಾಳೆಂದು ಸಮಾಧಾನ. ನಾಲ್ಕನೆಯ ದಿನ ನೀರಿನ ಕೊಡ ಎತ್ತಲು ಹೋದವಳು ಕಂಬ ಹಿಡಿದು ಕುಸಿದಳು. ಅವನು ಓಡಿ ಹಿಡಿದುಕೊಂಡ. ತೋಳಲ್ಲಿ ಭಾರವೇ ಇರಲಿಲ್ಲ. ಅವನಿಗೆ ಜೀವವೇ ಹೋದಂತಾಯಿತು.

"ಉಂಡಿಲ್ಲೇನ ನೀನು?"

"ಕೊಟ್ರಪ್ಪ ದೇವ್ರಿಗೆ ಹರಕಿ ಹೊತ್ತೀನ್ರಿ. ನಿಮ್ಮ ಹಸಿವು ತಿರುಗಿ ಬರೋತನಕ ಬರೀ ನೀರು, ಮಜ್ಜಿಗಿ."

ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಗಿತ್ತು.

"ನನ್ ಹಸಿವು ಎಲ್ಲೂ ಹೋಗಿಲ್ಲಲೇ!" ಅವನ ದನಿ ಒಡೆಯಿತು. "ನೀ ಉಣ್ಣಲಿ ಅಂತ ಬಿಟ್ಟಿದ್ದೆ."

ಅವಳು ಅವನನ್ನೇ ದಿಟ್ಟಿಸಿದಳು. "ಐವತ್ತೆರಡು ವರ್ಷದಾಗ ಒಂದಿನ ಉಂಡ್ಯಾ ಅಂತ ಕೇಳಿಲ್ಲ. ಈಗ ನಾಟಕ ಆಡ್ತೀರೇನು?"

ಮಾತು ನೆಟ್ಟಗೆ ನಾಟಿತು. ನಿಜ, ಕೇಳಿರಲಿಲ್ಲ. ಅವಳಿಗೂ ಹಸಿವಿದೆಯೆಂದು ಯೋಚಿಸಿಯೂ ಇರಲಿಲ್ಲ. ನಾಚಿಕೆಯಿಂದ ತಲೆ ತಗ್ಗಿತು.

"ತಪ್ಪಾತು. ನೀ ಹೋದ್ರ ನಾ ಇರಂಗಿಲ್ಲ ಅಂತ ಹೇಳಾಕ ಬಾಯಿ ಬರಲಿಲ್ಲ. ನಿನ್ ಮ್ಯಾಲ ಅಷ್ಟು ಜೀವ ಐತಿ ನಂದು."

"ಸುಮ್ನಿರ್ರಿ, ಯಾರರ ಕೇಳ್ಯಾರು," ಎಂದಳು. ಕಣ್ಣು ಮಾತ್ರ ತುಂಬಿ ಬಂದಿತ್ತು.

ಅವನು ತಾನೇ ಒಲೆಯ ಮುಂದೆ ಹೋದ. ಬಿಸಿ ಹಾಲಿಗೆ ರೊಟ್ಟಿ ಮುರಿದು ಹಾಕಿ, ಬೆಲ್ಲ ಕಲಸಿ, ಗಂಗಾಳದಲ್ಲಿ ತಂದಿಟ್ಟ.

"ನೀವು ಮೊದ್ಲು."

"ಇಲ್ಲ. ಇವತ್ತಿಂದ ನೀನ ಮೊದ್ಲು."

ಅವಳು ಮೆಲ್ಲಗೆ ಉಂಡಳು. ಅರ್ಧಕ್ಕೇ ಕೈ ತಡೆದು ಅವನ ಕಡೆ ಗಂಗಾಳ ಸರಿಸಿದಳು. ಅವನು ಹಿಂದಕ್ಕೆ ತಳ್ಳಿದ. ಕೊನೆಯ ತುತ್ತಿನತನಕ ಕಣ್ಣು ಕೀಳದೆ ಅವಳ ಬಾಯನ್ನೇ ನೋಡುತ್ತ ಕೂತ.

ಬಾಯಿ ಒರೆಸಿಕೊಂಡು, ಐವತ್ತೆರಡು ವರ್ಷದಲ್ಲಿ ಮೊದಲ ಸಲ ಅವನಿಗಿಂತ ಮುಂಚೆ ಉಂಡವಳು ಕೇಳಿದಳು: "ಈಗರ ಹಸಿವಾಗೈತೇನ್ರಿ?"

"ಮೂರು ದಿನದಿಂದ ಆಗೈತಿಲೇ," ಎಂದ ಕರಿಸಿದ್ದಪ್ಪ.