ಸಾಕು ಅಂದ್ರೆ ಒಂದು, ಬೇಕು ಅಂದ್ರೆ ಎರಡು

ಟೊಮೇಟೊದ ತೊಟ್ಟಿನ ಕಡೆಯಿಂದ ತೆಳ್ಳಗೆ ಒಂದು ಮುಚ್ಚಳ ಕತ್ತರಿಸಬೇಕು. ಗೋಡೆಗೆ ಗಾಯವಾಗದ ಹಾಗೆ ಚಮಚ ಇಳಿಸಿ ತಿರುಳು ತೆಗೆಯಬೇಕು. ಒಳಗೆ ಚಿಟಿಕೆ ಉಪ್ಪು ಸವರಿ, ನೀರಿಳಿಯಲಿ ಅಂತ ಬಟ್ಟೆಯ ಮೇಲೆ ಬೋರಲು ಹಾಕಬೇಕು. ಮುಚ್ಚಳವನ್ನು ಅದರದೇ ಟೊಮೇಟೊದ ಪಕ್ಕ ಇಡಬೇಕು. ಗುಮ್ಮಿ ಬೆಳಿಗ್ಗೆಯಿಂದ ಇದನ್ನೇ ಮಾಡುತ್ತಿದ್ದಳು. ಅಡುಗೆಮನೆಯಲ್ಲಿ ಚಮಚದ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಗುಮ್ಮಿ ಅನ್ನುವುದು ಅವಳ ಹೆಸರಲ್ಲ. ಅತ್ತೆ ಒಮ್ಮೆ ಸಿಟ್ಟಿನಲ್ಲಿ "ಗುಮ್ಮನಗುಸುಕಿ" ಅಂದಿದ್ದರು, ಎಲ್ಲವನ್ನೂ ಒಳಗೇ ಇಟ್ಟುಕೊಳ್ಳುವವಳು ಅಂತ. ಬೈಗುಳ ಸವೆದು ಸವೆದು ಗುಮ್ಮಿ ಆಯಿತು. ತಾಯಿ ತೀರಿಕೊಂಡ ಮೇಲೆ ಸೋದರಮಾವನ ಮನೆಗೆ ಬಂದವಳು, ಶಾಲೆಯನ್ನು ಅರ್ಧಕ್ಕೇ ಬಿಟ್ಟು ಅತ್ತೆಯ ಅಡುಗೆಮನೆ ಸೇರಿದ್ದಳು. ಬಾಯಿ ಮುಚ್ಚಿಕೊಂಡವರಿಗೆ ಕಣ್ಣು ಹೆಚ್ಚು ಕೆಲಸ ಮಾಡುತ್ತದೆ. ಯಾರ ನಗು ತುಟಿಯಲ್ಲೇ ನಿಲ್ಲುತ್ತದೆ, ಯಾರದು ಕಣ್ಣಿನವರೆಗೂ ಹತ್ತುತ್ತದೆ ಅಂತ ಗುಮ್ಮಿಗೆ ಗೊತ್ತಾಗುತ್ತಿತ್ತು.

ಪ್ರತಿ ಬೇಸಿಗೆಯಲ್ಲಿ ಒಂದು ಭಾನುವಾರ ಬಂಧುಬಳಗವೆಲ್ಲ ಈ ಮನೆಯ ಅಂಗಳದಲ್ಲಿ ಸೇರುತ್ತಿತ್ತು. ಊಟಕ್ಕೆ ಮೊದಲು ಅತ್ತೆಯ ತುಂಬಿದ ತರಕಾರಿಗಳು: ಟೊಮೇಟೊ, ಪುಟಾಣಿ ದೊಣ್ಣೆಮೆಣಸಿನಕಾಯಿ, ಬಟ್ಟಲಿನ ಹಾಗೆ ಕೊರೆದ ಸೌತೆಕಾಯಿ. ಒಳಗೆ ನೀರು ಬಸಿದ ಗಟ್ಟಿ ಮೊಸರು, ಹಿಸುಕಿದ ಆಲೂಗಡ್ಡೆ, ಪುದೀನ, ಮೆಣಸು. ಪುಡಿ ಐಸಿನ ಮೇಲೆ ಇಟ್ಟು, ಹಲ್ಲು ಜುಮ್ಮೆನ್ನುವಷ್ಟು ತಣ್ಣಗೆ ಮಾಡಿ ಕೊಡಬೇಕು. ಒಂದರ ಮುಚ್ಚಳ ಇನ್ನೊಂದಕ್ಕೆ ಹೋದರೆ ಅತ್ತೆ ಸಹಿಸುತ್ತಿರಲಿಲ್ಲ. "ಸರಿಯಾಗಿ ಕೂರಲ್ಲ, ಒಳಗಿಂದು ಒಣಗಿಹೋಗುತ್ತೆ. ಯಾವುದು ಯಾವುದಕ್ಕೆ ಸೇರಬೇಕೋ ಅದಕ್ಕೇ ಸೇರಬೇಕು," ಅನ್ನುತ್ತಿದ್ದರು.

ಈ ಸಲ ಬಾಗಿಲ ಹಿಂದೆ ಒಂದು ಬ್ಯಾಗೂ ಇತ್ತು. ಗುಮ್ಮಿಯ ಬಟ್ಟೆಗಳನ್ನು ಅತ್ತೆಯೇ ಮಡಚಿ ತುಂಬಿದ್ದರು. ಪಟ್ಟಣದ ದೊಡ್ಡಮ್ಮನ ಮನೆಯಲ್ಲಿ ಅಡುಗೆಯವಳು ಕೆಲಸ ಬಿಟ್ಟಿದ್ದಳು. "ನಮ್ಮ ಗುಮ್ಮಿ ಇದಾಳಲ್ಲ, ಕರ್ಕೊಂಡು ಹೋಗಿ," ಅಂತ ಮಾವ ಫೋನಿನಲ್ಲೇ ಮುಗಿಸಿಬಿಟ್ಟಿದ್ದರು. ಊಟ ಮುಗಿಸಿ ದೊಡ್ಡಮ್ಮನ ಕಾರು ಹೊರಡುವಾಗ ಹಿಂದಿನ ಸೀಟಿನಲ್ಲಿ ಗುಮ್ಮಿಯೂ ಇರಬೇಕು. ಗುಮ್ಮಿಯನ್ನು ಯಾರೂ ಕೇಳಲಿಲ್ಲ. ಚಮಚವನ್ನು ಇಲ್ಲಿಂದ ತೆಗೆದು ಅಲ್ಲಿಡುವಾಗ ಚಮಚವನ್ನು ಕೇಳುತ್ತಾರೆಯೇ?

ಪುದೀನ ಕೊಯ್ಯಲು ಅವಳು ಮಹಡಿಗೆ ಹೋಗಿ ಕೆಳಗೆ ಬಂದಾಗ ಐಸ್‌ನವನು ಬಂದಿದ್ದ. ಗೋಣಿತಾಟು ಬಿಚ್ಚಿ, ದೊಡ್ಡ ಗಡ್ಡೆಯನ್ನು ಒಡೆಯುತ್ತಿದ್ದ. ಅಂಗಿಯ ಹೆಗಲು ಎಂದಿನಂತೆ ಒದ್ದೆ. ಗುಮ್ಮಿಯ ಕಣ್ಣು ಮೊದಲು ಆ ಹೆಗಲಿಗೆ ಹೋಯಿತು, ಆಮೇಲೆ ಮೇಜಿಗೆ.

ಮೇಜಿನ ಮೇಲೆ ಒಂದೂ ಮುಚ್ಚಳವಿರಲಿಲ್ಲ. ಎಲ್ಲವೂ ಒಂದು ಪಾತ್ರೆಯಲ್ಲಿ, ಐಸ್ ನೀರಿನಲ್ಲಿ, ಸಂತೆಗೆ ಬಂದ ಜನರಂತೆ ಒಂದರ ಮೇಲೊಂದು ತೇಲುತ್ತಿದ್ದವು.

"ಯಾರ್ರೀ ನಿಮಗೆ ಇದನ್ನ ಮುಟ್ಟೋಕೆ ಹೇಳಿದ್ದು!"

ಅವನು ಒಡೆಯುವುದು ನಿಲ್ಲಿಸಿ, ಬೇರೆ ಯಾರೋ ಇದ್ದಾರೆ ಅನ್ನುವ ಹಾಗೆ ಹಿಂದೆ ತಿರುಗಿ ನೋಡಿದ. "ಯಾರು ಮಾತಾಡಿದ್ದು?"

"ನಾನೇ!"

"ಅಬ್ಬಾ. ಬೇಸಿಗೆ ಪೂರ್ತಿ ಜೋಕು ಹೇಳಿದೆ. ಒಂದು ಸಲ ಜಾರಿಬಿದ್ದೂ ತೋರಿಸಿದೆ. ಇಷ್ಟು ಸುಲಭ ಅಂತ ಗೊತ್ತಿದ್ರೆ ಮೊದಲೇ ಏನಾದ್ರೂ ಹಾಳು ಮಾಡ್ತಿದ್ನಲ್ಲ!"

ನಿಜವೇ. ಅತ್ತೆ ಸಣ್ಣಪುಟ್ಟ ಪಾರ್ಟಿಗಳಿಗೆ ಆರ್ಡರ್ ಹಿಡಿಯುತ್ತಿದ್ದುದರಿಂದ ಬೇಸಿಗೆ ಶುರುವಾದಾಗಿನಿಂದ ಅವನು ಬರುತ್ತಲೇ ಇದ್ದ. ಹಿಂಬಾಗಿಲಿಂದ ಬಂದು, ಟಬ್ಬು ತುಂಬಿ, ಹಿಂಬಾಗಿಲಿಂದಲೇ ಹೋಗಬೇಕು. ಕೂರುವ ಹಾಗಿಲ್ಲ. "ಒದ್ದೆ ಬಟ್ಟೆಯವರು ಕೂತ್ರೆ ಕುರ್ಚಿಗೆ ಕಲೆ," ಅಂತ ಅತ್ತೆಯ ಅಪ್ಪಣೆ. ಐಸ್ ಸಾಕೋ, ಇನ್ನೂ ಬೇಕೋ ಅಂತ ಅವನು ಕೇಳಿದರೆ ಗುಮ್ಮಿ ಚಮಚದಿಂದ ಟಬ್ಬಿನ ಅಂಚಿಗೆ ತಟ್ಟುತ್ತಿದ್ದಳು. ಸಾಕು ಅಂದರೆ ಒಂದು, ಬೇಕು ಅಂದರೆ ಎರಡು. ಅಷ್ಟೇ ಅವರ ಸಂಭಾಷಣೆ. ಆದರೆ ಇತ್ತೀಚೆಗೆ ಅವನು ಐಸಿನ ವಿಷಯ ಬಿಟ್ಟು ಬೇರೆಯದನ್ನೂ ಕೇಳತೊಡಗಿದ್ದ. ಬಿಸಿಲು ಸಾಕಾ? ನಿನ್ನೆ ಹೇಳಿದ ಜೋಕು ಇನ್ನೊಂದು ಸಲ ಬೇಕಾ? ಅವನು ಹೋದ ಮೇಲೆ ತಾನು ಎರಡು ಸಲ ತಟ್ಟಿದ್ದನ್ನು ನೆನೆದು ಗುಮ್ಮಿ ಒಬ್ಬಳೇ ಕಿವಿಯವರೆಗೂ ಕೆಂಪಾಗುತ್ತಿದ್ದಳು.

ಈಗ ಕೋಪದಿಂದ ಕೆಂಪಾಗಿದ್ದಳು. "ಪ್ರತಿಯೊಂದಕ್ಕೂ ಅದರದೇ ಮುಚ್ಚಳ ಇರುತ್ತೆ. ಬೇರೇದು ಕೂರಲ್ಲ. ಅತ್ತೆ ನನ್ನ ಚರ್ಮ ಸುಲೀತಾರೆ."

"ಬಾಡಿಹೋಗ್ತಿದ್ವು. ಪಾಪ ಅನ್ನಿಸ್ತು." ಅವನ ಮುಖ ಸಣ್ಣದಾಯಿತು. "ಬನ್ನಿ, ಹುಡುಕೋಣ. ಯಾವ ತಲೆ ಯಾರ್ದು ಅಂತ ಅವಕ್ಕೇ ಗೊತ್ತಿರುತ್ತೆ."

ಇಬ್ಬರೂ ಮೇಜಿಗೆ ಬಾಗಿ ನಿಂತರು. ಅವನು ಒಂದೊಂದೇ ಮುಚ್ಚಳ ತೆಗೆದು ಒರೆಸಿ ಕೊಡುತ್ತಿದ್ದ, ಅವಳು ಟೊಮೇಟೊಗಳ ಮೇಲೆ ಇಟ್ಟು ತಿರುಗಿಸಿ ನೋಡುತ್ತಿದ್ದಳು. ಅಂಚಿಗೆ ಅಂಚು ಕೂಡಿದಾಗ ಗೆರೆಯೇ ಮಾಯವಾಗುತ್ತಿತ್ತು.

"ಇದು ದಪ್ಪ ತಲೆ. ನಿಮ್ಮ ಮಾವಂದಿರಬೇಕು."

ಗುಮ್ಮಿ ತುಟಿ ಕಚ್ಚಿಕೊಂಡಳು.

"ಇದರ ತೊಟ್ಟು ನೋಡಿ, ಹೇಗೆ ಮೂಗು ಮೇಲೆ ಮಾಡ್ಕೊಂಡಿದೆ. ಹೆಸರು ಹೇಳಲ್ಲಪ್ಪ. ಒಳಗಿರೋರಿಗೆ ಕೇಳಿಸುತ್ತೆ."

ಅವಳಿಗೆ ನಗು ತಡೆಯಲಾಗಲಿಲ್ಲ. ಅವನು ಕೈಯಲ್ಲಿದ್ದ ಮುಚ್ಚಳ ಮರೆತು ಆ ನಗುವನ್ನೇ ನೋಡಿದ. ಅವಳು ಮುಚ್ಚಳಕ್ಕೆ ಕೈ ಚಾಚಿದಳು. ಬೆರಳಿಗೆ ಬೆರಳು ತಾಗಿತು. ಐಸ್ ಹಿಡಿದೂ ಹಿಡಿದೂ ಅವನ ಬೆರಳ ತುದಿ ಬಿಳಿಚಿ ತಣ್ಣಗಿತ್ತು. ಬೆಂಕಿಯ ಮುಂದೆ ಬೆಳೆದವಳಿಗೆ ಆ ತಂಪು ಎಲ್ಲಿಗೆ ತಲುಪಬೇಕೋ ಅಲ್ಲಿಗೆ ತಲುಪಿತು.

ಅವನೇ ಮೊದಲು ಕಣ್ಣು ತೆಗೆದ. ಕಣ್ಣು ಹೋಗಿ ಬಾಗಿಲ ಹಿಂದಿನ ಬ್ಯಾಗಿನ ಮೇಲೆ ನಿಂತಿತು. "ಯಾರ್ದು?"

"ನಂದು. ದೊಡ್ಡಮ್ಮನ ಮನೆಗೆ. ಸಂಜೆ."

"ಯಾವಾಗ ವಾಪಸ್ಸು?"

ಇಲ್ಲ ಅನ್ನುವ ಹಾಗೆ ಗುಮ್ಮಿ ತಲೆ ಅಲ್ಲಾಡಿಸಿದಳು.

ಐಸ್ ಕರಗಿ ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

"ನಿಮ್ಮನ್ನ ಕೇಳಿದ್ರಾ?"

"ನನ್ನನ್ನ ಯಾರು ಕೇಳ್ತಾರೆ?"

"ನಾನು ಕೇಳ್ತೀನಿ." ಅವನು ಚಮಚ ಎತ್ತಿ ಅವಳ ಕೈಗೆ ಕೊಟ್ಟ. ಜೋಕಿನ ದನಿ ಹೋಗಿತ್ತು. "ಇನ್ನೊಬ್ಬರ ಮನೆ ಅಡುಗೆಮನೆ. ಸಾಕಾ, ಇನ್ನೂ ಬೇಕಾ?"

ಗುಮ್ಮಿ ಟಬ್ಬಿನ ಅಂಚಿಗೆ ಒಂದು ಸಲ ತಟ್ಟಿದಳು. ಜೋರಾಗಿಯೇ.

"ನಮ್ಮನೇಲಿ ಅಮ್ಮ ಇದಾರೆ, ನಾನಿದೀನಿ. ಐಸ್ ಮಾರೋನ ಮನೆ, ಆದ್ರೆ ಫ್ರಿಜ್ ಇಲ್ಲ, ನಗಬೇಡ. ಮೊದಲೇ ಹೇಳ್ಬಿಡ್ತೀನಿ." ಬಹುವಚನ ಯಾವಾಗ ಜಾರಿಹೋಯಿತೋ ಅವನಿಗೇ ತಿಳಿಯಲಿಲ್ಲ. "ಅಲ್ಲಿ ನಿನ್ನನ್ನ ಕೇಳದೆ ಯಾರೂ ಏನೂ ಮಾಡಲ್ಲ. ನಾನು... ನಾನು ಸಾಕಾ, ಬೇಕಾ?"

ಗುಮ್ಮಿ ಚಮಚ ಎತ್ತಿದಳು. ಚಮಚ ಅಂಚಿಗೆ ತಾಗಿತು. ಒಂದು. ಅವನ ಉಸಿರು ಅಲ್ಲೇ ನಿಂತಿತು.

ಎರಡು.

"ಏನು ನಡೀತಿದೆ ಇಲ್ಲಿ?"

ಬಾಗಿಲಲ್ಲಿ ಅತ್ತೆ. ಮೇಜು, ಪಾತ್ರೆ, ಹತ್ತಿರ ನಿಂತ ಎರಡು ತಲೆಗಳು, ಎಲ್ಲದರ ಮೇಲೂ ಅವರ ಕಣ್ಣು ಒಂದು ಸುತ್ತು ಹಾಕಿತು. ಅತ್ತೆಗೆ ಹೇಳಿಕೊಡಬೇಕಾದ್ದು ಏನೂ ಇರಲಿಲ್ಲ.

"ಐಸ್ ಹಾಕಿದ್ದಾಯ್ತಲ್ಲಪ್ಪ, ಮುಚ್ಚಳದ ಕೆಲಸ ನಿನಗ್ಯಾಕೆ?" ಅಂದರು. ಆಮೇಲೆ ಗುಮ್ಮಿಗೆ, ದನಿ ಇಳಿಸಿ, "ಸಂಜೆವರೆಗೆ ಮಾನವಾಗಿರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ್ರೆ ಊರಿಗೆ ಕಾಣಲ್ವಾ?"

ಅವನನ್ನು ಅಲ್ಲೇ ಕಳಿಸಿಬಿಡುತ್ತಿದ್ದರೇನೋ. ಆದರೆ ಮಾವನಿಗೆ ಸೊಂಟ ನೋವು, ಐಸ್ ತುಂಬಿದ ಟಬ್ಬನ್ನು ಅಂಗಳಕ್ಕೆ ಹೊರುವವರು ಬೇರೆ ಇರಲಿಲ್ಲ. "ಟಬ್ಬು ಅಲ್ಲಿಟ್ಟು ಹೊರಡು," ಅಂದು ಅತ್ತೆ ಸೆರಗು ಸರಿಮಾಡಿಕೊಂಡು ನಡೆದರು.

ಕೊನೆಗೆ ಎರಡು ಟೊಮೇಟೊ, ಎರಡು ಮುಚ್ಚಳ ಉಳಿದವು. ಮೊದಲೇ ಎಲ್ಲೋ ಅದಲುಬದಲಾಗಿರಬೇಕು, ಹೇಗೆ ತಿರುಗಿಸಿದರೂ ಕೂಡಲಿಲ್ಲ. ಒಂದನ್ನು ಗುಮ್ಮಿ ಪಕ್ಕಕ್ಕಿಟ್ಟಳು. ಇನ್ನೊಂದಕ್ಕೆ ಮೊಸರು ತುಂಬಿ, ತನ್ನದಲ್ಲದ ಮುಚ್ಚಳವನ್ನೇ ಅದರ ಮೇಲೆ ಒತ್ತಿದಳು. ಸೊಟ್ಟಗೆ ಕೂತಿತು, ತುಂಟ ಹುಡುಗನ ಟೋಪಿಯ ಹಾಗೆ. ಆದರೆ ಕೂತಿತು. ಬೀಳಲಿಲ್ಲ.

ಅಂಗಳದಲ್ಲಿ ಮರದ ನೆರಳಿಗೆ ಕುರ್ಚಿಗಳೆಲ್ಲ ತುಂಬಿದ್ದವು. ಮಧ್ಯದಲ್ಲಿ ದೊಡ್ಡಮ್ಮ, ಅವರ ಪಕ್ಕದ ಕುರ್ಚಿಯಲ್ಲಿ ಅವರ ಹ್ಯಾಂಡ್‌ಬ್ಯಾಗು. ಆ ಬದಿಗೆ ಅಜ್ಜಿ, ಕಿವಿಯ ಹಿಂದೆ ಅಂಗೈ ಇಟ್ಟುಕೊಂಡು. ಐಸ್‌ನವನು ಟಬ್ಬನ್ನು ಮೇಜಿನ ಮೇಲಿಟ್ಟು ಬೆವರು ಒರೆಸಿಕೊಂಡ. ಗುಮ್ಮಿ ತಟ್ಟೆ ಹಿಡಿದು ಒಬ್ಬೊಬ್ಬರ ಮುಂದೆ ಬಾಗುತ್ತ ಬಂದಳು. ಸೊಟ್ಟ ಟೋಪಿಯದನ್ನು ಮಾತ್ರ ಯಾರೂ ಎತ್ತಿಕೊಳ್ಳದ ಹಾಗೆ ತನ್ನ ಕಡೆಗೆ ತಿರುಗಿಸಿಟ್ಟುಕೊಂಡಿದ್ದಳು.

"ಆಹಾ!" ದೊಡ್ಡಮ್ಮ ಕಣ್ಣು ಮುಚ್ಚಿಕೊಂಡು ಅಗಿದರು. "ಇನ್ನು ಮೇಲೆ ದಿನಾ ತಿನ್ನಬಹುದು. ಏನೇ ಗುಮ್ಮಿ, ಬ್ಯಾಗ್ ರೆಡಿನಾ?"

ಗುಮ್ಮಿ ನೆಟ್ಟಗೆ ನಿಂತಳು. ಗಂಟಲಲ್ಲಿ ಮಾತು ಎಷ್ಟು ವರ್ಷದಿಂದ ಬಿದ್ದಿತ್ತೋ, ಧೂಳು ಹಿಡಿದಿತ್ತು.

"ನಾನು ಬರಲ್ಲ ದೊಡ್ಡಮ್ಮ."

ಯಾರೋ ಅಗಿಯುವುದು ನಿಲ್ಲಿಸಿದರು. ಮಾವ ನಕ್ಕರು, ತಮಾಷೆ ಇರಬೇಕು ಅಂತ. ಅತ್ತೆ ನಗಲಿಲ್ಲ.

"ಏನಂದಳು?" ಅಂದರು ಅಜ್ಜಿ. "ಜೋರಾಗಿ ಹೇಳೇ, ಕಿವಿ ಕೇಳಲ್ಲ ನನಗೆ."

"ಏನಿಲ್ಲ ಅತ್ತೆ, ನೀವು ತಿನ್ನಿ," ಅಂದರು ಗುಮ್ಮಿಯ ಅತ್ತೆ, ತಮ್ಮ ಅತ್ತೆಗೆ.

"ನಿನ್ನನ್ನ ಕೇಳಿದ್ನಾ ನಾನು? ಮೊಮ್ಮಗಳನ್ನ ಕೇಳಿದೆ."

ಒಂದು ಸಲ ಹೇಳಿ ಮುಗಿಸಿಬಿಡೋಣ ಅಂದುಕೊಂಡಿದ್ದಳು ಗುಮ್ಮಿ. ಈಗ ಇಡೀ ಅಂಗಳಕ್ಕೆ ಕೇಳುವ ಹಾಗೆ ಹೇಳಬೇಕಾಯಿತು.

"ನಾನು ದೊಡ್ಡಮ್ಮನ ಮನೆಗೆ ಹೋಗಲ್ಲ ಅಜ್ಜಿ!"

ಪಕ್ಕದ ಮನೆಯ ಕಿಟಕಿಯೊಂದು ತೆರೆದುಕೊಂಡಿತು.

"ಸರಿ, ಕೂಗಬೇಡ. ಯಾಕೆ ಹೋಗಲ್ಲ?"

"ಸಾಕು ನನಗೆ. ಹೇಳದೆ ಕೇಳದೆ ನನ್ನನ್ನ ಎತ್ತಿ ಎತ್ತಿ ಇಡೋದು ಸಾಕು. ಬೇಕಾಗಿರೋದು ಬೇರೆ ಇದೆ."

"ಏನು ಬೇಕಂತೆ?"

ಗುಮ್ಮಿ ಅಜ್ಜಿಗೆ ಉತ್ತರ ಕೊಡಲಿಲ್ಲ. ತಟ್ಟೆ ಹಿಡಿದುಕೊಂಡು ಮರದ ನೆರಳಿನಿಂದ ಆಚೆ ಬಿಸಿಲಿಗೆ ಬಂದಳು. ಐಸ್‌ನವನು ಗೇಟಿನ ಹತ್ತಿರ ನಿಂತಿದ್ದ. ಹೊರಡು ಅಂದಿದ್ದರು, ಹೊರಟಿರಲಿಲ್ಲ. ಸೊಟ್ಟ ಟೋಪಿಯ ಟೊಮೇಟೊ ಎತ್ತಿ ಅವನ ಅಂಗೈಗೆ ಇಟ್ಟಳು.

"ಹೆದರಿಕೆ ಆಗ್ತಿದೆಯಾ?" ಅಂದ ಅವನು, ಅವಳಿಗೆ ಮಾತ್ರ ಕೇಳುವಷ್ಟು.

"ಕಾಲು ನಡುಗ್ತಿದೆ. ನಿಮ್ದು?"

"ನಂದೂ. ಟಬ್ಬು ಹೊತ್ತಿದ್ದಕ್ಕೆ ಅಂತ ಅಂದ್ಕೊಂಡೆ."

ಅವಳು ನಕ್ಕಳು. ಎಲ್ಲರ ಎದುರಿಗೆ, ಹಲ್ಲು ಕಾಣುವ ಹಾಗೆ. ಅವನು ಟೊಮೇಟೊ ಕಚ್ಚಿದ. ಮೊಸರು ಗಲ್ಲಕ್ಕೆ ಮೆತ್ತಿಕೊಂಡಿತು. "ಒಣಗಿಲ್ಲ," ಅಂದ, ಬಾಯಿ ತುಂಬಿಕೊಂಡು.

"ಒಳಗೆ ನಡಿ!" ಅತ್ತೆಯ ದನಿ ಸೀಳಿತು. "ಇಷ್ಟು ವರ್ಷ ಅನ್ನ ಹಾಕಿದ್ದಕ್ಕೆ ಇದಾ? ಮರ್ಯಾದೆ ತೆಗೀತಿದೀಯ! ಅವನು ಯಾರು ನಿನಗೆ?"

ಗುಮ್ಮಿ ತಿರುಗಿದಳು. ಎಲ್ಲ ಮುಖಗಳೂ ಅವಳ ಕಡೆಗಿದ್ದವು. ಯಾವಾಗಲೂ ನೋಡುವವಳು ಅವಳು. ಇವತ್ತು ಅವರು ನೋಡಲಿ.

"ನೀವು ಹಾಕಿದ ಅನ್ನ ಮರೆಯಲ್ಲ ಅತ್ತೆ. ಆ ಅನ್ನ ಮಾಡಿದ್ದೂ ನಾನೇ," ಅಂದಳು. "ನಾನು ಇವರನ್ನ ಮದುವೆ ಆಗ್ತೀನಿ. ಕದ್ದು ಓಡಿಹೋಗಲ್ಲ. ಮುಂದಿನ ಬಾಗಿಲಿಂದಲೇ ಹೋಗ್ತೀನಿ. ಬ್ಯಾಗ್ ಹೇಗಿದ್ರೂ ನೀವೇ ರೆಡಿ ಮಾಡಿದೀರ."

"ಇವರು ಅಂದಳಾ?" ಅಂದರು ಅಜ್ಜಿ, ಯಾರನ್ನೂ ಉದ್ದೇಶಿಸದೆ. ಈ ಸಲ ಅವರಿಗೆ ಮೊದಲ ಸಲಕ್ಕೇ ಕೇಳಿಸಿತ್ತು.

ಗುಮ್ಮಿ ಅವನ ಒದ್ದೆ ತೋಳು ಹಿಡಿದು ನೆರಳಿಗೆ ಕರೆತಂದಳು. ಕುರ್ಚಿಗಳ ಸಾಲಿನ ಎದುರಿಗೆ ಬಂದು ನಿಂತಳು. ಅವನ ಅಂಗಿಯಿಂದ ನೀರು ಅಂಗಳದ ಕಲ್ಲಿನ ಮೇಲೆ ತೊಟ್ಟಿಕ್ಕುತ್ತಿತ್ತು. ಮಾವ ತಮ್ಮ ಚಪ್ಪಲಿ ನೋಡಿಕೊಳ್ಳುತ್ತಿದ್ದರು. ಎಲ್ಲ ಕುರ್ಚಿಯಲ್ಲೂ ಒಬ್ಬೊಬ್ಬರಿದ್ದರು, ಒಂದನ್ನು ಬಿಟ್ಟು.

"ದೊಡ್ಡಮ್ಮ," ಅಂದಳು ಗುಮ್ಮಿ, "ನಿಮ್ಮ ಬ್ಯಾಗ್ ಸ್ವಲ್ಪ ತೆಗೀತೀರಾ? ಇವರು ಕೂತ್ಕೋಬೇಕು."